ಸ್ವರ ಎಲ್ಲಿ ನಿಲ್ಲಬೇಕು

ಬೇಸ್ ಗಿಟಾರ್ ಕಲಿಯಬೇಕೆಂದು ಬರುವ ಹುಡುಗರಲ್ಲಿ ಹೆಚ್ಚಿನವರು ಮೊದಲು ಕೇಳುವುದು ವೇಗದ ವಿಷಯ. ಅಮೆರಿಕದ ಜಾಕೊ ಪಾಸ್ಟೋರಿಯಸ್ ಅಥವಾ ಮುಂಬೈಯ ಮೋಹಿನಿ ಡೇ ನುಡಿಸುವುದನ್ನು ನೋಡಿದವರಿಗೆ ಆ ಆಸೆ ಹುಟ್ಟುವುದು ಸಹಜ. ಒಳ್ಳೆಯ ಆಸೆಯೇ ಅದು. ಆದರೆ ವರ್ಷಗಟ್ಟಲೆ ಆರ್ಕೆಸ್ಟ್ರಾಗಳಲ್ಲಿ, ಬ್ಯಾಂಡ್‌ಗಳಲ್ಲಿ ಈ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ನಿಂತ ಮೇಲೆ ನನ್ನಲ್ಲಿ ಗಟ್ಟಿಯಾದ ನಂಬಿಕೆ ಬೇರೆ. ಬೇಸ್ ನುಡಿಸುವವನ ಕೈಗುಣ ತಿಳಿಯುವುದು ಅವನು ಸ್ವರವನ್ನು ಎಲ್ಲಿ ಶುರುಮಾಡುತ್ತಾನೆ ಎಂಬುದಕ್ಕಿಂತ ಎಲ್ಲಿ ನಿಲ್ಲಿಸುತ್ತಾನೆ ಎಂಬುದರಲ್ಲಿ.

ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ದಪ್ಪ ತಂತಿ, ಸಾಮಾನ್ಯವಾಗಿ 34 ಅಂಗುಲ ಉದ್ದ. ಒಮ್ಮೆ ಮೀಟಿ ಬಿಟ್ಟರೆ ತಾನಾಗಿ ಸುಮ್ಮನಾಗಲು ಬಹಳ ಹೊತ್ತು ಬೇಕು. ಹಾಗೆಯೇ ಬಿಟ್ಟರೆ ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು ಎರಡೂ ಕೆಡುತ್ತವೆ. ಆದ್ದರಿಂದ ಬಲಗೈ ಮೀಟಿದ್ದನ್ನು ಎಡಗೈ ನಿಲ್ಲಿಸಬೇಕು. ಬೆರಳಿನ ಒತ್ತಡ ಸಡಿಲಾಗಬೇಕು, ಆದರೆ ಬೆರಳು ತಂತಿಯಿಂದ ಏಳಕೂಡದು. ಎದ್ದರೆ ಖಾಲಿ ತಂತಿ ಬೇರೊಂದು ಸ್ವರವನ್ನು ತಾನೇ ನುಡಿದುಬಿಡುತ್ತದೆ. ಅದೇ ಹೊತ್ತಿಗೆ ನುಡಿಸದ ತಂತಿಗಳು ಗುಂಯ್‌ಗುಡದಂತೆ ಬಲಗೈ ಹೆಬ್ಬೆರಳು ಅವುಗಳ ಮೇಲೆ ಒರಗಿರಬೇಕು. ನೋಡುವವರ ಕಣ್ಣಿಗೆ ಬೀಳದ ಕೆಲಸ ಇದು. ಸಾಧನೆಯ ಹೊತ್ತಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ, ಹೋಗಬೇಕು ಕೂಡ.

ಕಿಕ್ ಡ್ರಮ್ಮಿನ ಏಟಿಗೆ ಸರಿಯಾಗಿ ಬೇಸ್ ಸ್ವರ ಹುಟ್ಟಬೇಕೆಂದು ಎಲ್ಲರೂ ಹೇಳಿಕೊಡುತ್ತಾರೆ. ಸ್ನೇರ್ ಬೀಳುವ ಕ್ಷಣಕ್ಕೆ ಆ ಸ್ವರ ನಿಂತಿದ್ದರೆ ಏನಾಗುತ್ತದೆ ಎಂದು ತೋರಿಸಿಕೊಡುವವರು ಕಡಿಮೆ. ಒಂದು ಹಾಡಿನಲ್ಲಿ ಎರಡೂ ಥರ ನುಡಿಸಿ ನೋಡಿ. ಸ್ವರವನ್ನು ಸ್ನೇರ್ ದಾಟಿಸಿ ಎಳೆದಾಗ ಹಾಡು ತುಸು ಭಾರವಾಗಿ, ಹಿಂದಕ್ಕೆ ಜಗ್ಗಿದಂತೆ ಸಾಗುತ್ತದೆ. ಸ್ನೇರ್‌ಗೆ ಸರಿಯಾಗಿ ಕತ್ತರಿಸಿದಾಗ ಡ್ರಮ್ಮರ್ ಒಂದಿಷ್ಟೂ ಜೋರು ಮಾಡದಿದ್ದರೂ ಅವನ ಏಟು ಸ್ಪಷ್ಟವಾಗುತ್ತದೆ, ಹಾಡು ಹೆಜ್ಜೆ ಹಾಕುತ್ತದೆ. ಎರಡಕ್ಕೂ ಅದರದರ ಜಾಗವಿದೆ. ಯಾವುದು ಬೇಕೆಂದು ಹಾಡು ನೋಡಿ ತೀರ್ಮಾನಿಸುವುದೇ ಬೇಸಿಸ್ಟ್ ಕೆಲಸ. ನಮ್ಮ ಸುಗಮ ಸಂಗೀತದ ತಂಡಗಳಲ್ಲಿ ತಬಲಾ ಇರುವುದರಿಂದ ಇದು ಇನ್ನಷ್ಟು ಸೂಕ್ಷ್ಮ. ಎಡಗೈಯಲ್ಲಿ ನುಡಿಸುವ ದಗ್ಗದ ಮೇಲೆ ಮಣಿಕಟ್ಟು ಒತ್ತಿ ಜಾರಿಸಿದಾಗ ಬರುವ ಆ ಗುಮ್ಮೆನ್ನುವ ನಾದ ಬೇಸ್‌ನ ಸ್ವರಗಳಿರುವ ಕಡೆಯೇ ಓಡಾಡುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಉದ್ದಕ್ಕೆ ಎಳೆದರೆ ಕೇಳುವವರಿಗೆ ತಬಲಾವೂ ದಕ್ಕುವುದಿಲ್ಲ, ಬೇಸೂ ದಕ್ಕುವುದಿಲ್ಲ. ನಾನು ವೇದಿಕೆಯಲ್ಲಿ ತಬಲಾದವರ ಎಡಗೈ ಕಾಣುವ ಹಾಗೆಯೇ ನಿಲ್ಲುತ್ತೇನೆ.

ಜಾಗ ಬದಲಾದರೆ ಅಳತೆಯೂ ಬದಲಾಗುತ್ತದೆ. ಕಲ್ಯಾಣಮಂಟಪದ ಆರತಕ್ಷತೆ ಕಾರ್ಯಕ್ರಮಗಳಲ್ಲಿ ಗ್ರಾನೈಟ್ ನೆಲ, ಬರಿಯ ಕಾಂಕ್ರೀಟ್ ಗೋಡೆ, ಎತ್ತರದ ಸೂರು. ಕೆಳಗಿನ ಇ ಸ್ವರದ ಒಂದು ಅಲೆಯ ಉದ್ದವೇ ಎಂಟು ಮೀಟರಿಗೂ ಹೆಚ್ಚು. ಪರದೆ, ಕುರ್ಚಿ, ಜನ ಎಲ್ಲ ಸೇರಿ ಮೇಲಿನ ಸ್ವರಗಳನ್ನು ಹೀರಿಕೊಂಡರೂ ಇಷ್ಟು ಉದ್ದದ ಅಲೆ ಅವಕ್ಕೆ ಬಗ್ಗುವುದಿಲ್ಲ, ಗೋಡೆಯಿಂದ ಗೋಡೆಗೆ ಬಡಿದು ಸುತ್ತುತ್ತಲೇ ಇರುತ್ತದೆ. ಅಂಥಲ್ಲಿ ನಾನು ಸ್ವರಗಳನ್ನು ಅರ್ಧಕ್ಕರ್ಧ ಮೊಟಕು ಮಾಡುತ್ತೇನೆ. ಉಳಿದರ್ಧವನ್ನು ಕಟ್ಟಡವೇ ನುಡಿಸಿಕೊಳ್ಳುತ್ತದೆ. ನವೆಂಬರ್ ತಿಂಗಳಿಡೀ ಬೆಂಗಳೂರಿನ ಬಡಾವಣೆಗಳಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿರುತ್ತವಲ್ಲ, ಅಲ್ಲಿ ಇದರ ತಿರುಗುಮುರುಗು. ಮೈದಾನಕ್ಕೆ ಗೋಡೆಯಿಲ್ಲ, ಸ್ವರ ಹೋದದ್ದು ಹೋದದ್ದೇ. ಅಲ್ಲಿ ತುಂಬು ಸ್ವರ ಬೇಕು. ಆದರೆ ಹಲಗೆ ಜೋಡಿಸಿದ ವೇದಿಕೆಯ ಅಡಿ ಟೊಳ್ಳಾಗಿರುತ್ತದೆ. ಆಂಪ್ಲಿಫೈಯರನ್ನು ಹಲಗೆ ಮೇಲಿಟ್ಟರೆ ವೇದಿಕೆಯೇ ಗುಡುಗತೊಡಗುತ್ತದೆ. ಒಂದು ಗಟ್ಟಿ ಕುರ್ಚಿ ಕೇಳಿ ಪಡೆದು ಅದರ ಮೇಲಿಡುವುದು ಒಳ್ಳೆಯದು. ಸೌಂಡ್‌ನವರೊಡನೆ ಮೊದಲ ಮಾತು ಆಡಬೇಕಾದ್ದೂ ಇದೇ ವಿಷಯಕ್ಕೆ.

ಈ ವಿದ್ಯೆಯನ್ನು ಯಾರಿಂದ ಕಲಿಯಬಹುದೆಂದು ಕೇಳಿದರೆ ನಾನು ಜೇಮ್ಸ್ ಜೇಮರ್ಸನ್ ಹೆಸರು ಹೇಳುತ್ತೇನೆ. 1936ರಲ್ಲಿ ಅಮೆರಿಕದ ಸೌತ್ ಕೆರೊಲೈನಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಡೆಟ್ರಾಯಿಟ್‌ಗೆ ಬಂದು, ಶಾಲೆಯಲ್ಲಿ ನಿಂತು ನುಡಿಸುವ ದೊಡ್ಡ ಡಬಲ್ ಬೇಸ್ ಕಲಿತವರು. ಜ್ಯಾಜ್ ಅವರ ಮೊದಲ ಪ್ರೀತಿ. 1951ರಲ್ಲಿ ಲಿಯೊ ಫೆಂಡರ್ ಹೊರತಂದ ವಿದ್ಯುತ್ ಬೇಸ್ ಗಿಟಾರಿಗೆ ಜೇಮರ್ಸನ್ ಹೊರಳಿದ್ದು ಅರವತ್ತರ ದಶಕದ ಶುರುವಿನಲ್ಲಿ. ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್‌ನಲ್ಲಿ ಒಂದು ಸಾಮಾನ್ಯ ಮನೆ, ಅದರಲ್ಲಿ ಮೋಟೌನ್ ಸಂಸ್ಥೆಯ ಇಕ್ಕಟ್ಟಾದ ಸ್ಟುಡಿಯೊ. ಸುಪ್ರೀಮ್ಸ್, ಫೋರ್ ಟಾಪ್ಸ್, ಸ್ಟೀವಿ ವಂಡರ್, ಮಾರ್ವಿನ್ ಗೇ ಇವರೆಲ್ಲರ ಅರವತ್ತರ ದಶಕದ ಹಾಡುಗಳಲ್ಲಿ ಕೆಳಗೆ ಕೇಳುವ ಬೇಸ್ ಹೆಚ್ಚಾಗಿ ಜೇಮರ್ಸನ್ ಅವರದು. ಬೇಸ್‌ನಲ್ಲಿ ತನಗೆ ದಾರಿ ತೋರಿದವರಲ್ಲಿ ಒಬ್ಬರು ಜೇಮರ್ಸನ್ ಎಂದು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹೇಳಿಕೊಂಡಿದ್ದಾರೆ.

ಜೇಮರ್ಸನ್ ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಎರಡು ಬೆರಳು ಬದಲಿಸಿ ಮೀಟಿದರೆ ಸುಲಭ, ಆದರೆ ಒಂದೊಂದು ಬೆರಳಿನ ಏಟಿಗೆ ಒಂದೊಂದು ಬಣ್ಣ ಬರುತ್ತದೆ. ಒಂದೇ ಬೆರಳಾದರೆ ಸಾಲಿಡೀ ಒಂದೇ ಸಮ. ತಂತಿಗಳು ಮೇಲ್ಮೈ ನುಣುಪಾದ, ದಪ್ಪನೆಯ ಫ್ಲ್ಯಾಟ್‌ವೂಂಡ್. ಅವು ಹರಿಯುವವರೆಗೆ ಬದಲಾಯಿಸುತ್ತಿರಲಿಲ್ಲವೆಂದು ಅವರ ಜೊತೆಯವರು ಹೇಳುತ್ತಾರೆ. ಹೊಳಪು ಹೋದ ತಂತಿಯನ್ನು ಬಿಸಿನೀರಿನಲ್ಲಿ ಕುದಿಸಿ ಮತ್ತೆ ಹೊಸ ಸದ್ದು ಬರಿಸುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ಅವರಿಗೆ ಆ ಹೊಳಪೇ ಬೇಕಿರಲಿಲ್ಲ. ಸಾಲದ್ದಕ್ಕೆ ಬ್ರಿಡ್ಜ್ ಮೇಲಿನ ಲೋಹದ ಮುಚ್ಚಳದಡಿ ಒಂದು ತುಂಡು ಸ್ಪಂಜು, ತಂತಿಗೆ ತಾಗುವ ಹಾಗೆ. ಮೃದಂಗದವರು ಕಛೇರಿಗೆ ಮುನ್ನ ಎಡಮುಖಕ್ಕೆ ರವೆ ಕಲಸಿ ಮೆತ್ತಿ ನಾದವನ್ನು ಹದಕ್ಕೆ ತರುವ ಹಾಗೆ, ಆ ಸ್ಪಂಜಿನಿಂದ ಪ್ರತಿ ಸ್ವರವೂ ದುಂಡಗೆ ಹುಟ್ಟಿ ಬೇಗ ಆರುತ್ತಿತ್ತು.

ಇದನ್ನು ಮಿತವ್ಯಯ ಎಂದು ತಿಳಿಯಬಾರದು. ಜೇಮರ್ಸನ್ ಕಡಿಮೆ ಸ್ವರ ನುಡಿಸಿದವರೇ ಅಲ್ಲ. ಒಂದು ಆವರ್ತದಲ್ಲಿ ಇತರರು ನಾಲ್ಕು ಸ್ವರ ಇಡುವಲ್ಲಿ ಅವರು ಅನೇಕ ಸಲ ಹತ್ತು ಇಡುತ್ತಾರೆ, ತಾಳದ ಸಂದುಗಳಲ್ಲಿ ನುಸುಳುತ್ತಾರೆ, ಕಾರ್ಡಿನ ಆಚೆಯ ಸ್ವರಗಳನ್ನೂ ಮುಟ್ಟಿ ಬರುತ್ತಾರೆ. ಆದರೂ ಗಾಯಕಿಯ ಒಂದು ಅಕ್ಷರವೂ ಅದರಡಿ ಮುಚ್ಚಿಹೋಗುವುದಿಲ್ಲ. ಕಾರಣ, ಅವರ ಪ್ರತಿ ಸ್ವರವೂ ಹೊತ್ತಿಗೆ ಸರಿಯಾಗಿ ಜಾಗ ಖಾಲಿ ಮಾಡುತ್ತದೆ. ವೇಗದ ಆಸೆಯಿರುವ ಹುಡುಗರಿಗೆ ನಾನು ಅವರನ್ನು ಕೇಳಲು ಹೇಳುವುದು ಇದಕ್ಕಾಗಿಯೇ. ಬೇಕಾದಷ್ಟು ನುಡಿಸುವ ಸ್ವಾತಂತ್ರ್ಯ ಸಿಗುವುದು ನಿಲ್ಲಿಸಲು ಬಂದವರಿಗೆ.

ಇಷ್ಟು ದೊಡ್ಡ ಕಲಾವಿದನ ಹೆಸರು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಅರವತ್ತರ ದಶಕದ ಮೋಟೌನ್ ರೆಕಾರ್ಡುಗಳ ಹೊದಿಕೆಯಲ್ಲಿ ವಾದ್ಯಗಾರರ ಹೆಸರು ಅಚ್ಚಾಗುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ತಮ್ಮ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಹೊದಿಕೆಯಲ್ಲಿ ವಾದ್ಯಗಾರರ ಹೆಸರು ಹಾಕಿಸಿದರು, ಜೇಮರ್ಸನ್ ಹೆಸರಿನ ಜೊತೆ ಒಂದು ಮೆಚ್ಚುಗೆಯ ಮಾತನ್ನೂ ಸೇರಿಸಿದರು. ಮರುವರ್ಷ ಸಂಸ್ಥೆ ಲಾಸ್ ಏಂಜಲಿಸ್‌ಗೆ ಹೋಯಿತು. ಜೇಮರ್ಸನ್ ಹಿಂದೆಯೇ ಹೋದರೂ ಆ ಊರು ಅವರಿಗೆ ಒಗ್ಗಲಿಲ್ಲ. ಕುಡಿತ ಮೈಯನ್ನು ತಿಂದಿತು. 1983ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ವಯಸ್ಸು 47. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದದ್ದು 2000ದಲ್ಲಿ. ನಮ್ಮಲ್ಲಿ ಇಂದಿಗೂ ಒಂದು ಚಿತ್ರಗೀತೆಯ ಜೊತೆ ಸಾಹಿತಿ, ಸಂಗೀತ ನಿರ್ದೇಶಕ, ಗಾಯಕರ ಹೆಸರು ಸಿಗುತ್ತದೆ, ಬೇಸ್ ನುಡಿಸಿದವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಹೆಸರು ಹಾಕಲು ಒಂದು ಸಾಲು ಸಾಕು. ಹಾಕಬೇಕು.

ನಿಲ್ಲಿಸುವುದು ಎಂದಾಗ ಸದ್ದನ್ನು ನಿಲ್ಲಿಸುವುದಷ್ಟೇ ಅಲ್ಲ, ಒಂದು ಸ್ವರದ ಮೇಲೆ ಕದಲದೆ ನಿಲ್ಲುವುದೂ ಬೇಸ್‌ನವರ ಹೊಣೆ. ಕೀಬೋರ್ಡ್ ಸಿ ಮೇಜರ್ ಹಿಡಿದಿರುವಾಗ ನಾನು ಕೆಳಗೆ ಎ ಸ್ವರಕ್ಕೆ ಇಳಿದರೆ ಅದು ಆ ಕ್ಷಣಕ್ಕೆ ಎ ಮೈನರ್ ಸೆವೆಂತ್ ಆಗುತ್ತದೆ. ಕೀಬೋರ್ಡಿನವರು ಬೆರಳು ಅಲ್ಲಾಡಿಸಿರುವುದಿಲ್ಲ. ಸಿನಿಮಾ ಹಾಡಿನಲ್ಲಿ ಇದು ಚೆಲುವು. ರಾಗದ ಹಾಡಿನಲ್ಲಿ ಹೀಗೆ ಇಳಿಯುವ ಮುಂಚೆ ಯೋಚಿಸಬೇಕು. ಮೋಹನದಲ್ಲಿ ಹಾಡುತ್ತಿರುವವರ ಕೆಳಗೆ ಬೇಸ್ ಷಡ್ಜ ಬಿಟ್ಟು ಧೈವತದಲ್ಲಿ ಕೂತರೆ ಕೇಳುಗರ ಕಿವಿ ಆ ಧೈವತವನ್ನೇ ಷಡ್ಜವೆಂದು ಹಿಡಿದು ಶುದ್ಧ ಧನ್ಯಾಸಿಯನ್ನು ಕೇಳತೊಡಗುತ್ತದೆ. ಕರ್ನಾಟಕ ಸಂಗೀತದವರು ಗ್ರಹಭೇದವೆಂದು ಬೇಕೆಂದೇ, ಅಪರೂಪಕ್ಕೆ, ಬಹು ಎಚ್ಚರದಿಂದ ಮಾಡುವುದು ಬೇಸ್‌ನವರ ಒಂದು ಬೆರಳು ಸರಿದರೆ ತಾನಾಗಿ ಆಗಿಬಿಡುತ್ತದೆ. ಶಿಶುನಾಳ ಶರೀಫರ ತತ್ವಪದಗಳನ್ನು ಬ್ಯಾಂಡ್ ಕಟ್ಟಿಕೊಂಡು ಹಾಡುವವರ ಜೊತೆ ನುಡಿಸುವಾಗ ನನಗೆ ಇದು ಸದಾ ನೆನಪಿನಲ್ಲಿರುತ್ತದೆ. ಆ ಪದಗಳು ತಂಬೂರಿಯ ಒಂದೇ ಶ್ರುತಿಯ ಮೇಲೆ ಬಾಳಿ ಬಂದವು. ಅಲ್ಲಿ ಪಲ್ಲವಿಯಿಡೀ ಷಡ್ಜ ಬಿಡದಿರುವುದು ಬೇಸರದ ಕೆಲಸವೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಅದೇ ಸ್ವರವನ್ನು ಒಮ್ಮೆ ಉದ್ದ, ಒಮ್ಮೆ ಗಿಡ್ಡ ಮಾಡುತ್ತಲೇ ಹಾಡಿಗೆ ನಡಿಗೆ ಕೊಡಬಹುದು.

ಇದಕ್ಕೆ ಎದುರಿನ ತುದಿ ಸಂಗೀತ ನಿರ್ದೇಶಕ ಇಳಯರಾಜಾ. ವಾದ್ಯಗಾರರಿಗೆ ಪ್ರತಿ ಸ್ವರವನ್ನೂ ಬರೆದುಕೊಡುವವರು ಅವರು. ಅವರ ಹಾಡುಗಳಲ್ಲಿ ಬೇಸ್ ಇನ್ನೊಂದು ರಾಗಧಾಟಿಯನ್ನೇ ಹಾಡುತ್ತ ಹೋಗುತ್ತದೆ. ಶಂಕರ್‌ನಾಗ್ ಅವರ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳನ್ನು ಕೇಳದ ಆರ್ಕೆಸ್ಟ್ರಾ ವೇದಿಕೆ ನಮ್ಮಲ್ಲಿ ಇರಲಾರದು. ಖರ್ಚು ಹಿಡಿಯಲು ಬೇಸಿಸ್ಟನ್ನು ಕೈಬಿಟ್ಟು ಕೀಬೋರ್ಡಿನ ಎಡಗೈಗೆ ಆ ಕೆಲಸ ವಹಿಸುವ ತಂಡಗಳಿವೆ, ಅವರ ಕಷ್ಟ ನನಗೆ ಗೊತ್ತು. ಆದರೂ ಇಂಥ ಹಾಡುಗಳಿಗೆ ಒಬ್ಬ ಬೇಸಿಸ್ಟನ್ನು ಕರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

“ಅಣ್ಣಾ, ಐದು ತಂತಿಯದ್ದು ಕೊಳ್ಳಲೇ?” ಎಂದು ಕೇಳುವ ಹುಡುಗರಿಗೆ ಸದ್ಯ ನಾಲ್ಕು ಸಾಕು ಎನ್ನುತ್ತೇನೆ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕಿಟ್ಟು ಒಂದೇ ಸ್ವರ ತೆಗೆದುಕೊ. ಒಂದಕ್ಕೆ ಮೀಟು, ನಾಲ್ಕಕ್ಕೆ ಸರಿಯಾಗಿ ನಿಲ್ಲಿಸು. ಆಮೇಲೆ ಮೂರಕ್ಕೆ. ಆಮೇಲೆ ಎರಡಕ್ಕೆ. ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳು. ಫೋನಿನ ಸ್ಪೀಕರಿನಲ್ಲಿ ಇಷ್ಟು ಕೆಳಗಿನ ನಾದ ಹೊರಡುವುದೇ ಇಲ್ಲ, ಅದರ ಮೇಲಿನ ಸ್ವರಾಂಶಗಳನ್ನು ಹಿಡಿದು ಕಿವಿಯೇ ಊಹಿಸಿಕೊಳ್ಳುತ್ತದೆ. ಮೆಟ್ರೊನೋಮಿನ ಏಟು ನಿನ್ನ ಸ್ವರದ ತುದಿಗೆ ಕೂತಿತೋ, ಆಚೀಚೆ ಬಿತ್ತೋ ಗುರುತು ಮಾಡಿಕೋ. ಅದು ಹಿಡಿತಕ್ಕೆ ಬಂದ ಮೇಲೆ ಫೋರ್ ಟಾಪ್ಸ್‌ನವರ 1967ರ ‘ಬರ್ನಡೆಟ್’ ಹಾಕಿಕೊಂಡು ಬೇಸ್ ಒಂದನ್ನೇ ಹಿಂಬಾಲಿಸು. ಕೊನೆಯ ಹತ್ತಿರ ಹಾಡು ಮುಗಿದೇ ಹೋಯಿತು ಅನ್ನುವಂತೆ ನಿಂತು, ಗಾಯಕ ಲೀವೈ ಸ್ಟಬ್ಸ್ ಕೂಗಿ ಕರೆದ ಮೇಲೆ ಮತ್ತೆ ಹೊರಡುತ್ತದೆ. ಆ ನಿಲುಗಡೆಗೆ ಮುಂಚೆ ಜೇಮರ್ಸನ್ ಏನು ನುಡಿಸುತ್ತಾರೆ, ಆಮೇಲೆ ಏನು ನುಡಿಸುತ್ತಾರೆ, ಎರಡನ್ನೂ ಬರೆದುಕೊಂಡು ಬಾ.