ಇಂದಿನ ಧಮ್ಮ ಚಿಂತನೆ: ‘ಟ್ಯಾಕ್ಸಿ ಗಾಡಿ’ ಎಂಬ ಮಾತಿನ ಬೆಲೆ



ಇಂದಿನ ಪ್ರಶ್ನೆ ಇದು. ಒಂದು ವಸ್ತುವಿಗೆ ಜನ ಕೀಳು ಹೆಸರು ಕಟ್ಟಿದ್ದಾರೆ. ಆ ಹೆಸರಿನಲ್ಲಿ ಹುರುಳಿಲ್ಲ ಎಂದು ನಮಗೆ ಗೊತ್ತು. ಹಾಗಿದ್ದೂ ಕೊಳ್ಳುವಾಗ ಅದೇ ಹೆಸರು ಹೇಳಿ ಬೆಲೆ ಇಳಿಸಿಕೊಂಡರೆ ನಮ್ಮ ನಾಲ್ಕನೆಯ ಶೀಲ ಉಳಿಯುತ್ತದೆಯೇ?

ಈ ಪ್ರಶ್ನೆ ನನಗೆ ಬಂದದ್ದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ. ಅತ್ತೆಯವರಿಗೆ ಮಂಡಿ ನೋವು. ತಿಂಗಳಿಗೆ ಎರಡು ಸಲ ಮೈಸೂರಿನ ಆಸ್ಪತ್ರೆಗೆ ಹೋಗಬೇಕು, ಬಸ್ಸಿನ ಮೆಟ್ಟಿಲು ಹತ್ತಲಾರರು. ನೋಡಿದ ಗಾಡಿಗಳಲ್ಲಿ ಮನಸ್ಸಿಗೆ ಬಂದದ್ದು 2014ರ ಟೊಯೊಟಾ ಎಟಿಯೋಸ್, ಪೆಟ್ರೋಲ್. ಬಿಡದಿಯಲ್ಲಿ ತಯಾರಾದದ್ದು. ಈ ಮಾದರಿ 2010ರ ಕೊನೆಗೆ ಮಾರುಕಟ್ಟೆಗೆ ಬಂತು, 2020ರಲ್ಲಿ ನಿಂತಿತು. ಡಿಕ್ಕಿ ಸುಮಾರು 590 ಲೀಟರ್, ಮಡಚಿದ ವೀಲ್‌ಚೇರ್ ಸಲೀಸಾಗಿ ಹಿಡಿಯುತ್ತದೆ. ಹಿಂದಿನ ಸೀಟಿನ ಮುಂದೆ ನೆಲ ಹೆಚ್ಚುಕಡಿಮೆ ಸಮತಟ್ಟಾಗಿದೆ, ಅತ್ತೆ ಕಾಲು ಚಾಚಿ ಕೂರಬಹುದು. ನಮಗೆ ಬೇಕಾದದ್ದೆಲ್ಲ ಅದರಲ್ಲಿತ್ತು.

ನನ್ನ ತಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡ. “ಅಕ್ಕಾ, ಅದು ಟ್ಯಾಕ್ಸಿ ಗಾಡಿ ಕಣಕ್ಕಾ. ಬಿಳಿ ಬೋರ್ಡ್ ಇದ್ರೂ ಊರಿಗೆ ಹೋದ್ರೆ ಬಾಡಿಗೆಗೆ ತಂದಿದ್ದಾರೆ ಅಂತಾರೆ. ನಮ್ಮೋರು ಒಂದು ಕಾರು ತಗೊಳ್ಳೋದೇ ಅಪರೂಪ, ಅದ್ರಲ್ಲೂ ಇದಾ?”

ಅವನ ಮಾತನ್ನು ಬರೀ ತೋರಿಕೆಯ ಆಸೆ ಎಂದು ತಳ್ಳಿಹಾಕುವಂತಿಲ್ಲ. ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ, ಜಾತಿಯ ಗುರುತು ಸಾರುವ ಉಡುಗೆತೊಡುಗೆಯನ್ನು ಬಿಡಿ ಎಂದು ನಮ್ಮ ತಾಯಂದಿರಿಗೆ ಹೇಳಿದ್ದರು. ಘನತೆಯಿಂದ ಕಾಣಿಸಿಕೊಳ್ಳಬೇಕೆಂಬ ಬಯಕೆಯೆಲ್ಲ ತಣ್ಹಾ ಅಲ್ಲ. ಆದರೆ ಇಲ್ಲಿ ಘನತೆಗೆ ಕುಂದು ತರುತ್ತಿರುವುದು ಯಾವುದು? ಗಾಡಿಯೋ, ಅದಕ್ಕೆ ಕಟ್ಟಿದ ಹೆಸರೋ?

ಕಾಲಾಮರಿಗೆ ಬುದ್ಧರು ತೋರಿದ ದಾರಿ ಇಲ್ಲಿಗೂ ಸಲ್ಲುತ್ತದೆ. ಜನ ಹೇಳುತ್ತಾರೆಂದು ಒಪ್ಪಬಾರದು, ಪರೀಕ್ಷಿಸಿ ನೋಡಬೇಕು. ಟ್ಯಾಕ್ಸಿಯವರು ಈ ಗಾಡಿಯನ್ನು ಯಾಕೆ ಆರಿಸಿಕೊಂಡರು? ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸಿ ಸಂಸಾರ ಸಾಕುವವನು ಚಂದ ನೋಡಿ ಗಾಡಿ ಕೊಳ್ಳುವುದಿಲ್ಲ. ಕೆಟ್ಟು ನಿಲ್ಲದ ಗಾಡಿ, ಕಡಿಮೆ ಖರ್ಚಿನ ರಿಪೇರಿ, ಸುಲಭವಾಗಿ ಸಿಗುವ ಬಿಡಿಭಾಗ ಅವನಿಗೆ ಬೇಕು. ಜನ ಯಾವುದನ್ನು ಕಳಂಕ ಎನ್ನುತ್ತಾರೋ ಅದೇ ಗಾಡಿಯ ಗುಣಕ್ಕೆ ಸಾಕ್ಷಿ.

ಹಾಗೆಂದು ಕಣ್ಣುಮುಚ್ಚಿ ಕೊಳ್ಳುವುದೂ ವಿವೇಕವಲ್ಲ. ಈ ಒಂದು ಗಾಡಿ ನಿಜವಾಗಿ ಹಳದಿ ಬೋರ್ಡಿನಲ್ಲಿ ಓಡಿ, ಆಮೇಲೆ ಬಿಳಿ ಬೋರ್ಡಿಗೆ ಬದಲಾಗಿದೆಯೇ? ಮೀಟರಿನಲ್ಲಿ ಕಿಲೋಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆಯೇ? ಸಾಲ ಬಾಕಿ ಇದೆಯೇ? ಇವು ಹೆಸರಿನ ಪ್ರಶ್ನೆಗಳಲ್ಲ, ಸ್ಥಿತಿಯ ಪ್ರಶ್ನೆಗಳು. ಆರ್‌ಸಿ, ಸರ್ವಿಸ್ ದಾಖಲೆ, ಪೆಡಲಿನ ರಬ್ಬರ್ ಸವೆದಿರುವ ಬಗೆ, ನಂಬಿಕಸ್ಥ ಮೆಕ್ಯಾನಿಕ್‌ನ ಕಣ್ಣು, ಇಷ್ಟಿದ್ದರೆ ಉತ್ತರ ಸಿಗುತ್ತದೆ. ಪರೀಕ್ಷೆ ಮಾಡಿಸಿದೆವು. ಮೊದಲಿನಿಂದ ಒಬ್ಬರೇ ಮಾಲೀಕರು, ನಿವೃತ್ತ ನರ್ಸ್. ನಾಲ್ಕೂ ಟೈರು ಸವೆದಿದ್ದವು, ಬ್ಯಾಟರಿ ಹಳೆಯದು. ಉಳಿದದ್ದೆಲ್ಲ ಸರಿಯಿತ್ತು.

ಅವರು ಕೇಳಿದ್ದು 3 ಲಕ್ಷ 20 ಸಾವಿರ. ತಮ್ಮ ಕಿವಿಯಲ್ಲಿ ಹೇಳಿದ: “ಟ್ಯಾಕ್ಸಿ ಗಾಡಿ, ಮನೆಯೋರು ಯಾರು ತಗೋತಾರೆ ಅಂತ ಒಂದ್ಮಾತು ಅನ್ನು. 40 ಸಾವಿರ ಇಳೀತಾರೆ.”

40 ಸಾವಿರ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಅಲ್ಲದೆ ಮಾರುಕಟ್ಟೆಯಲ್ಲಿ ಆ ಹೆಸರಿನಿಂದ ಈಗಾಗಲೇ ಬೆಲೆ ಇಳಿದಿದೆ, ಅದು ನಾನು ಮಾಡಿದ್ದಲ್ಲ. ಇಳಿದ ಬೆಲೆಗೆ ಕೊಂಡರೆ ತಪ್ಪಿಲ್ಲ. ಆದರೆ ಬುದ್ಧರು ಕಮ್ಮದ ಬೇರನ್ನು ಚೇತನದಲ್ಲಿ, ಅಂದರೆ ಉದ್ದೇಶದಲ್ಲಿ ಕಂಡರು. ಮಾರುಕಟ್ಟೆಯ ಬೆಲೆ ನನ್ನ ಕಮ್ಮವಲ್ಲ, ನನ್ನ ಬಾಯಿಂದ ಹೊರಡುವ ಮಾತು ನನ್ನ ಕಮ್ಮ. ಮನೆಗೆ ಒಳ್ಳೆಯ ಗಾಡಿ ಎಂದು ತೀರ್ಮಾನಿಸಿ ನಿಂತವಳು ‘ಮನೆಯವರು ಕೊಳ್ಳುವಂಥದ್ದಲ್ಲ’ ಎಂದರೆ ಅದು ಮುಸಾವಾದ. ಟೈರು, ಬ್ಯಾಟರಿಯ ಲೆಕ್ಕ ಹೇಳಿದೆ. ಅವರೂ ಒಪ್ಪಿದರು. 2 ಲಕ್ಷ 95 ಸಾವಿರಕ್ಕೆ ವ್ಯಾಪಾರ ಮುಗಿಯಿತು. ಇನ್ನೂ 15 ಸಾವಿರ ಉಳಿಸಬಹುದಿತ್ತು ಎಂದು ತಮ್ಮ ಇಂದಿಗೂ ಅನ್ನುತ್ತಾನೆ. ಇರಬಹುದು.

ಸುಳ್ಳಿನ ವಿಷಯ ಮಾತ್ರವಲ್ಲ. ‘ಟ್ಯಾಕ್ಸಿ ಗಾಡಿ’ ಎಂದು ಹೀಗಳೆದರೆ ಕಾರಿಗೆ ನೋವಾಗುವುದಿಲ್ಲ. ಆ ಮಾತು ತಾಗುವುದು ಗಾಡಿ ಓಡಿಸಿ ಬದುಕುವವನಿಗೆ. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಬಾಬಾಸಾಹೇಬರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಟಾಂಗಾದವರು ಒಪ್ಪಲಿಲ್ಲ. ಬ್ಯಾರಿಸ್ಟರ್ ಆಗಿದ್ದರೂ ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ ನಮ್ಮವರೊಬ್ಬರು, ಅಭ್ಯಾಸವಿಲ್ಲದಿದ್ದರೂ, ಟಾಂಗಾ ಹೊಡೆದರು. ಅದು ಅಪಘಾತಕ್ಕೀಡಾಗಿ ಬಾಬಾಸಾಹೇಬರ ಕಾಲಿನ ಮೂಳೆ ಮುರಿಯಿತು. ಆ ಟಾಂಗಾದವರನ್ನೂ ಸಿರಿವಂತರು ಕೀಳಾಗಿಯೇ ನೋಡುತ್ತಿದ್ದರು. ಆದರೂ ತಮಗಿಂತ ಕೆಳಗೆ ಒಬ್ಬರನ್ನು ಅವರು ಹುಡುಕಿಕೊಂಡಿದ್ದರು. ಶ್ರೇಣಿ ನಡೆಯುವುದೇ ಹೀಗೆ. ಪ್ರತಿ ಮೆಟ್ಟಿಲಿನವನಿಗೂ ಹೀಗಳೆಯಲು ಇನ್ನೊಬ್ಬ ಸಿಗುತ್ತಾನೆ.

ಇಂದು ನಮ್ಮ ಬೀದಿಗಳ ಎಷ್ಟೋ ಹುಡುಗರು ಹಳದಿ ಬೋರ್ಡಿನ ಗಾಡಿ ಓಡಿಸುತ್ತಾರೆ. ಸಂಬಂಧ ನೋಡುವಾಗ ‘ಹುಡುಗ ಬರೀ ಡ್ರೈವರ್’ ಎಂದು ನಮ್ಮ ಮನೆಗಳಲ್ಲೇ ಹೇಳುತ್ತೇವೆ. ಅವನ ಆದಾಯ ಕೇಳೋಣ, ಕುಡಿತವಿದೆಯೇ ಕೇಳೋಣ, ಸ್ವಭಾವ ವಿಚಾರಿಸೋಣ. ಅದು ಹೆಣ್ಣು ಹೆತ್ತವರ ಹಕ್ಕು. ಆದರೆ ಆ ‘ಬರೀ’ ಎಂಬ ಪದ ಎಲ್ಲಿಂದ ಬಂತು? ಬುದ್ಧವಂದನೆ ಹೇಳುವ ನಾಲಿಗೆಯಲ್ಲಿ ಅದು ಇನ್ನೂ ಯಾಕೆ ಇದೆ?

ಇಂದು ಒಂದು ಅಭ್ಯಾಸ ಮಾಡೋಣ. ಸಂತೆಯಲ್ಲಿ ಚೌಕಾಸಿ ಮಾಡುವಾಗಲಿ, ಮನೆಯಲ್ಲಿ ಸಂಬಂಧದ ಮಾತು ಬಂದಾಗಲಿ, ಬೆಲೆ ಇಳಿಸುವ ಮಾತು ಬಾಯಿಗೆ ಬಂದರೆ ಒಂದು ಕ್ಷಣ ನಿಲ್ಲೋಣ. ನಾನು ಹೇಳುತ್ತಿರುವುದು ಕಂಡ ದೋಷವನ್ನೋ, ಕೇಳಿದ ಹೆಸರನ್ನೋ? ದೋಷವಾದರೆ ಧೈರ್ಯವಾಗಿ ಹೇಳೋಣ. ಬರೀ ಹೆಸರಾದರೆ ನುಂಗಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈಭೀಮ್.