ದಂಡಿನ ನಕ್ಷೆಯಲ್ಲಿ ಹೇರಿನ ದಾರಿ

ಕೋಲಾರದ ಚಿನ್ನದ ಗಣಿಯ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆದು ಸಂಸಾರ ಸಾಕಿದವನು ನಾನು. ಚಾಂಪಿಯನ್ ರೀಫಿನ ನೆಲದಡಿಯ ಹಾದಿಗಳನ್ನು ಶಾಯಿಯಲ್ಲಿ ಎಳೆಯುವಾಗ, ಈ ಗೆರೆಗುಂಟ ಇಳಿಯುವವರು ಯಾರು ಎಂಬ ಯೋಚನೆ ಬರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು, ಯೋಚನೆ ಉಳಿಯಿತು. ಈಗ ಬಂಗಾರಪೇಟೆಯ ಮನೆಯಲ್ಲಿ ಹಳೆಯ ದಂಡಿನ ನಕ್ಷೆಗಳನ್ನು ಹರಡಿಕೊಂಡು ಕೂರುತ್ತೇನೆ.

ಜೇಮ್ಸ್ ರೆನೆಲ್ 1792ರಲ್ಲಿ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಟಿಪ್ಪುವಿನ ಮೇಲೆ ಏರಿಬಂದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ದಾರಿ ಇದೆ: ಮುಗಳಿ ಘಾಟು, ಪಲಮನೇರು, ಕೋಲಾರ, ಹೊಸಕೋಟೆ, ಬೆಂಗಳೂರು. ದಂಡು ಹೊಸ ದಾರಿ ಕಡಿಯುತ್ತಾ ಕೂರುವುದಿಲ್ಲ. ಸಾವಿರಾರು ಎತ್ತುಗಳಿಗೆ ನೀರು, ಮೇವು ಸಿಗುವ ಕಡೆಯೇ ನಡೆಯಬೇಕು. ಅಂಥ ದಾರಿಗಳನ್ನು ಕೆರೆಯಿಂದ ಕೆರೆಗೆ ಸವೆಸಿಟ್ಟವರು ಉಪ್ಪು, ಧಾನ್ಯ ಹೇರಿಕೊಂಡು ಘಟ್ಟ ಹತ್ತಿಳಿದ ಲಂಬಾಣಿಗರಂಥವರು. ದಂಡಿನ ಗೆರೆಯ ಪಕ್ಕದ ಕೆರೆ, ಕಣಿವೆಗಳನ್ನು ಕೂಡಿಸಿ ನೋಡಿದರೆ ಹೇರೆತ್ತಿನ ದಾರಿ ಕಣ್ಣಿಗೆ ಕಾಣುತ್ತದೆ. ದಂಡಿನ ನಾಯಕನ ಹೆಸರು ಉಳಿದಿದೆ, ತಾಂಡಾದ ನಾಯಕನ ಹೆಸರಿಲ್ಲ.

1791ರ ಮೇ ತಿಂಗಳಲ್ಲಿ ಇದೇ ದಂಡು ಶ್ರೀರಂಗಪಟ್ಟಣದ ಹತ್ತಿರ ಹೊಟ್ಟೆಗಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಿಂದಿರುಗಿತು. ಮರುವರ್ಷ ಲಂಬಾಣಿಗರ ಹೇರುಗಳು ಬೆನ್ನಿಗಿದ್ದವು. ಪಟ್ಟಣಕ್ಕೆ ಮುತ್ತಿಗೆ ಬಿತ್ತು. ಹಾಗಾದರೆ ಆ ಯುದ್ಧದ ಪಾಪದಲ್ಲಿ ಅಕ್ಕಿ ಹೊತ್ತುತಂದವನಿಗೂ ಪಾಲಿದೆಯೇ?

ಹಸಿದವನಿಗೆ ಅನ್ನ ಮುಟ್ಟಿಸಿದವನಿಗೆ ಪಾಪ ತಟ್ಟದು ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಅದೇ ವರ್ಷಗಳಲ್ಲಿ ದಖನ್ನಿನಲ್ಲಿ ಭೀಕರ ಬರವಿತ್ತು. ಬೆಲೆ ಕೊಡುವ ದಂಡಿಗೆ ಧಾನ್ಯ ನಡೆಯುತ್ತದೆ, ಬೆಲೆ ಕೊಡಲಾರದ ಹಳ್ಳಿಗೆ ನಡೆಯುವುದಿಲ್ಲ. ಇಲ್ಲಿ ನನಗೆ ನೆನಪಾಗುವವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಬೆವರು ಹರಿಸಿ ತಂದದ್ದಾದರೂ ಅವಳು ಲೆಕ್ಕ ಕೇಳಿದಳು. ಕಾಯಕವೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ ಎಂಬುದನ್ನು ನಾನು ಅವಳಿಂದ ಕಲಿತೆ.

ಆದರೆ ಪಾಲು ಎಲ್ಲರಿಗೂ ಸಮನಲ್ಲ. ಬೇರೆ ಜೀವನೋಪಾಯವಿಲ್ಲದ ತಾಂಡಾದವನ ಪಾಲು ಚಿಕ್ಕದು, ಯುದ್ಧ ಹೂಡಿದವನದು ದೊಡ್ಡದು. ತಾಂಡಾದವರ ಅಕ್ಕಿ ಉಂಡ ಬ್ರಿಟಿಷ್ ಆಳ್ವಿಕೆಯೇ ಮುಂದೆ ಹಲವೆಡೆ ಆ ಜನರನ್ನು ಅಪರಾಧಿ ಬುಡಕಟ್ಟಿನ ಪಟ್ಟಿಗೆ ಸೇರಿಸಿತು. ಅದು ಪಾಲನ್ನು ತಲೆಕೆಳಗು ಮಾಡಿದ ಅನ್ಯಾಯ.

ಈ ಪ್ರಶ್ನೆ ನನ್ನದೂ ಹೌದು. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿನ ಊರಿಗಾಂ, ಮಾರಿಕುಪ್ಪಂ ಕಡೆ ಮಣ್ಣು ತೊಳೆಸಿ ಚಿನ್ನ ಕಂಡ. ಆ ದಂಡಿನ ಸರ್ವೆಯ ಜಾಡಿನಲ್ಲೇ ಗಣಿ ಬಂತು, ಗಣಿಯಿಂದ ನನ್ನ ಸಂಬಳ ಬಂತು. ಬಂಡೆ ಸಿಡಿದು ಸತ್ತವರು ನಡೆದದ್ದು ನನ್ನಂಥವರು ಎಳೆದ ಗೆರೆಗಳ ಮೇಲೆ. ನಾನು ಕೂಲಿಗೆ ದುಡಿದೆ, ಅನ್ಯಾಯ ಮಾಡಲಿಲ್ಲ. ಆದರೂ ಆ ಲೆಕ್ಕದಲ್ಲಿ ನನ್ನ ಪಾಲೂ ಇದೆ.