ಖರೆ ಕುಸ್ತಿ, ಖೊಟ್ಟಿ ಕುಸ್ತಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹಳೆಯ ಪೈಲವಾನನನ್ನು ಗುರುತಿಸಲು ತೋಳು ನೋಡಬೇಕಿಲ್ಲ. ವಯಸ್ಸಾದಂತೆ ತೋಳು ಇಳಿದುಹೋಗುತ್ತದೆ. ಕಿವಿ ಮಾತ್ರ ಹಾಗೇ ಉಳಿಯುತ್ತದೆ. ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ತಿಕ್ಕಾಡಿದ ಆ ಕಿವಿ ಒಣಗಿದ ಅಣಬೆಯ ಹಾಗೆ ಮುದುಡಿರುತ್ತದೆ. ಪೆಟ್ಟು ಬಿದ್ದಾಗ ಕಿವಿಯ ಮೃದು ಎಲುಬಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬುತ್ತದೆ, ಅದನ್ನು ಬೇಗ ತೆಗೆಯದಿದ್ದರೆ ಪೋಷಣೆ ಸಿಗದೆ ಮೃದು ಎಲುಬು ಸತ್ತು ಗಂಟುಗಟ್ಟುತ್ತದೆ ಎನ್ನುತ್ತಾರೆ ವೈದ್ಯರು. ರಕ್ತ ಬಸಿದು ಬಿಗಿಯಾಗಿ ಪಟ್ಟಿ ಕಟ್ಟಿದರೆ ಕಿವಿ ಉಳಿದೀತು. ಆದರೆ ತಾಲೀಮಿನಲ್ಲಿ ಕಿವಿ ಉಳಿಸಿಕೊಳ್ಳಬೇಕೆಂಬ ಆಸೆ ಯಾರಿಗಿದೆ? ಮುದುಡಿದ ಕಿವಿಯೇ ಅಲ್ಲಿ ಸರ್ಟಿಫಿಕೇಟು.

ಈ ಸರ್ಟಿಫಿಕೇಟಿನ ಹಿಂದೆ ಒಂದು ನಂಬಿಕೆ ಕೂತಿದೆ: ನೋವಾಗಿದ್ದರೆ ಅದು ಖರೆ. ನೋವು ಆಗದೆ ಇದ್ದದ್ದು ಆಟ, ನಾಟಕ, ಖೊಟ್ಟಿ. ಕುಸ್ತಿಯ ಕಣಕ್ಕಷ್ಟೇ ಸೀಮಿತವಾದ ನಂಬಿಕೆಯೂ ಇದಲ್ಲ. ಕೆಂಡ ಹಾಯುವವನ ಭಕ್ತಿಯನ್ನೂ, ದೀಡ ನಮಸ್ಕಾರ ಹಾಕುತ್ತ ಗುಡಿಗೆ ಬರುವವಳ ಹರಕೆಯನ್ನೂ ಊರು ಅಳೆಯುವುದು ಇದೇ ಮಾಪಿನಿಂದ. ಮೈ ಸುಳ್ಳು ಹೇಳಲಾರದು, ಆದ್ದರಿಂದ ಮೈ ನೊಂದರೆ ಮನಸ್ಸು ಸಾಚಾ. ಈ ತರ್ಕ ಎಷ್ಟರ ಮಟ್ಟಿಗೆ ಸರಿ?

ಈ ಭಾಗದ ಕುಸ್ತಿಗೆ ಕೊಲ್ಲಾಪುರದ ಗಾಳಿ ಬಡಿದಿದೆ. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ ಸಿದ್ಧವಾದ ಅಲ್ಲಿನ ಖಾಸಬಾಗ ಮೈದಾನಕ್ಕೆ ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಸುಮಾರು ಒಂದು ತಾಸಿನ ಹಾದಿ. ಮಾತೂ ಅದೇ ದಾರಿಯಲ್ಲಿ ಬಂದಿದೆ: ವಸ್ತಾದ (ಗುರು), ತಾಲೀಮು (ಗರಡಿ), ಡಾವ (ಪಟ್ಟು), ಚಿತ್ (ಬೆನ್ನು ನೆಲಕ್ಕೆ ತಾಗಿದ ಸೋಲು), ನಿಕಾಲಿ ಕುಸ್ತಿ (ಸೋಲು ಗೆಲುವು ಇತ್ಯರ್ಥವಾಗುವ ತನಕ ಹಿಡಿಯುವ ಕುಸ್ತಿ). ಜಾತ್ರೆಯ ಕಣಕ್ಕೆ ಕೆಂಪು ಮಣ್ಣು ಹದ ಮಾಡಿ, ಎಣ್ಣೆ, ಅರಿಸಿಣ, ಮಜ್ಜಿಗೆ, ಲಿಂಬೆರಸ ಕಲಸಿ, ಹನುಮಪ್ಪನ ಮುಂದೆ ಕಾಯಿ ಒಡೆದ ಮೇಲೆಯೇ ಹಲಗಿ ಸದ್ದು ಏರುವುದು. ಆ ಮಣ್ಣು ದೇವರ ಜಾಗ. ಅಲ್ಲಿ ಮೋಸ ಮಾಡಬಾರದು. ಆದರೂ ಮಾಡುತ್ತಾರೆ. ಗೆಲುವು ಸೋಲು ಮೊದಲೇ ಮಾತಾಡಿಕೊಂಡು ಹಿಡಿಯುವ ಕುಸ್ತಿಗೆ ‘ನೂರಾ ಕುಸ್ತಿ’ ಎಂಬ ಪ್ರತ್ಯೇಕ ಹೆಸರೇ ಇದೆ. ಹೆಸರಿದೆ ಎಂದರೆ ಪಾಪ ಹಳೆಯದು ಎಂದರ್ಥ. ಜೋಡಿ ಬಹಳ ಹೊತ್ತು ಸುಮ್ಮನೆ ತಳ್ಳಾಡುತ್ತಿದ್ದರೆ ಜನ ಕೂಗುತ್ತಾರೆ: “ನೂರಾ ಐತಿ, ಜೋಡಿ ಬಿಡಸ್ರಿ!” ಅಂಥ ಹೊತ್ತಿನಲ್ಲಿ ಒಬ್ಬನ ಹುಬ್ಬು ಒಡೆದು ರಕ್ತ ಬಂದರೆ ಸಾಕು, ಕೂಗು ನಿಲ್ಲುತ್ತದೆ.

ಅದೇ ಜನ ಮನೆಗೆ ಹೋಗಿ ಟಿವಿಯಲ್ಲಿ ನೋಡಿದ್ದು ಬೇರೆಯದೇ ಕುಸ್ತಿ. 2002ರಲ್ಲಿ ಆ ಕುಸ್ತಿ ನಡೆಸುವ ಅಮೆರಿಕದ ಕಂಪನಿಯ ಹೆಸರು ಡಬ್ಲ್ಯುಡಬ್ಲ್ಯುಇ ಎಂದಾದರೂ ಊರ ಹುಡುಗರ ಬಾಯಲ್ಲಿ ಅದು ಬಹುಕಾಲ ಡಬ್ಲ್ಯುಡಬ್ಲ್ಯುಎಫ್ ಆಗಿಯೇ ಉಳಿಯಿತು. ಅಲ್ಲಿನ ಮಲ್ಲ ಅಂಡರ್‌ಟೇಕರನ ಟ್ರಂಪ್ ಕಾರ್ಡಿಗಾಗಿ ಬಡಿದಾಡಿದವರು ಈಗ ಮಕ್ಕಳ ತಂದೆಯರು. ಅಲ್ಲಿ ಪ್ರತಿ ಮಲ್ಲನಿಗೂ ಒಂದು ಸ್ವಂತ ಪಟ್ಟು. ಅದು ಬಿತ್ತೆಂದರೆ ಆಟ ಮುಗಿಯಿತು. ಹಿಮಾಚಲದ ಖಲಿ ಎರಡು ಅಂಗೈಯಲ್ಲಿ ಎದುರಾಳಿಯ ತಲೆ ಹಿಸುಕುತ್ತಿದ್ದ. ಏಳಡಿಯ ಆಳಿನ ಹಿಡಿತ ಎಂದು ನಂಬುವವರು ನಂಬಿದರು; ತಾಲೀಮಿನ ಹುಡುಗರು ನಕ್ಕರು. ತಲೆ ಹಿಸುಕಿದರೆ ಯಾರಾದರೂ ಚಿತ್ ಆಗುತ್ತಾರೇನು? ಧೋಬಿ ಪಛಾಡದಲ್ಲಿ ಬೆನ್ನ ಮೇಲೆ ಹೊತ್ತು ಒಗೆಯುವುದನ್ನು ಕಂಡ ಕಣ್ಣಿಗೆ ಅದು ಹುಡುಗಾಟಿಕೆಯೇ ಸರಿ.

ಆದರೆ ನಗುವ ಮುನ್ನ ಒಂದು ಪ್ರಸಂಗ ನೋಡಬೇಕು. 1997ರ ಆಗಸ್ಟ್ 3, ಅಮೆರಿಕದ ನ್ಯೂಜೆರ್ಸಿ. ಅದೇ ಕಂಪನಿಯ ಮಲ್ಲ ಓವನ್ ಹಾರ್ಟ್ ಎದುರಾಳಿ ಸ್ಟೀವ್ ಆಸ್ಟಿನ್‌ನನ್ನು ತಲೆಕೆಳಗೆ ಹಿಡಿದು ನೆಲಕ್ಕೆ ಕುಕ್ಕುವ ‘ಪೈಲ್‌ಡ್ರೈವರ್’ ಹಾಕಿದ. ತಲೆ ನೆಲಕ್ಕೆ ತಾಗದಂತೆ ನೋಡಿಕೊಳ್ಳುವುದೇ ಆ ಪಟ್ಟಿನ ಗುಟ್ಟು. ಅಂದು ಲೆಕ್ಕ ತಪ್ಪಿತು, ತಲೆ ತಾಗಿತು. ಆಸ್ಟಿನ್‌ಗೆ ಕೆಲಕಾಲ ಕೈಕಾಲು ಆಡಲಿಲ್ಲ. ಗೆಲ್ಲಬೇಕಾದವನು ಅವನೇ ಎಂದು ಮೊದಲೇ ನಿಗದಿಯಾಗಿತ್ತು. ಹಾರ್ಟ್ ಸಮಯ ಕಳೆಯುತ್ತ ಓಡಾಡಿದ; ಆಸ್ಟಿನ್ ತೆವಳುತ್ತ ಬಂದು ಹೇಗೋ ಅವನನ್ನು ಮಗುಚಿ ಹಿಡಿದ, ತೀರ್ಪುಗಾರ ಮೂರು ಎಣಿಸಿದ. ಗೆಲುವು ಖೊಟ್ಟಿ, ಕುತ್ತಿಗೆ ಮುರಿದದ್ದು ಖರೆ. 2003ರಲ್ಲಿ ಅವನ ಪೂರ್ಣಾವಧಿಯ ಕುಸ್ತಿ ನಿಂತಿತು. ಹಾರ್ಟ್ ಅಷ್ಟರಲ್ಲಾಗಲೇ ಇಲ್ಲವಾಗಿದ್ದ: 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಛಾವಣಿಯಿಂದ ಹಗ್ಗದಲ್ಲಿ ಇಳಿಯುವ ವೇಷದ ಪ್ರವೇಶದಲ್ಲಿ ಕಳಚಿ ಬಿದ್ದು ಸತ್ತ. ಅಂದಿನ ಆಟವನ್ನು ನಿಲ್ಲಿಸಲಿಲ್ಲ.

ಪಟ್ಟಿ ಬೆಳೆಸಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ಡ್ಯಾರೆನ್ ಡ್ರೊಜ್ಡಾವ್ ಎಂಬವನು ಒಂದು ಮಾಮೂಲಿ ಎತ್ತಿ ಒಗೆತದಲ್ಲಿ ಕುತ್ತಿಗೆ ಮುರಿದುಕೊಂಡು ಬದುಕಿನುದ್ದಕ್ಕೂ ಗಾಲಿ ಕುರ್ಚಿ ಹಿಡಿದ. ಜಪಾನಿನ ಮಿತ್ಸುಹಾರು ಮಿಸಾವಾ 2009ರ ಜೂನ್ 13ರಂದು ಹಿರೋಶಿಮಾದ ಕಣದಲ್ಲಿ, ಜೀವಮಾನದಲ್ಲಿ ಅದೆಷ್ಟೋ ಸಲ ತಿಂದಿದ್ದ ಒಗೆತವೊಂದರಿಂದ ಏಳಲೇ ಇಲ್ಲ. ಸುಳ್ಳು ಕುಸ್ತಿಯೆಂದು ನಾವು ನಕ್ಕ ಕಣದಲ್ಲಿ ಸತ್ತವರು ನಿಜವಾಗಿಯೇ ಸತ್ತರು.

ಈಗ ನೋವೇ ಸತ್ಯದ ಸಾಕ್ಷಿ ಎಂಬ ತರ್ಕ ಕುಸಿಯುತ್ತದೆ. ಕುತ್ತಿಗೆ ಮುರಿದ ಮಾತ್ರಕ್ಕೆ ನ್ಯೂಜೆರ್ಸಿಯ ಪಂದ್ಯ ನಿಕಾಲಿ ಕುಸ್ತಿಯಾಗಲಿಲ್ಲ. ಸೋಲು ಗೆಲುವು ಸುಳ್ಳಾದ ಮಾತ್ರಕ್ಕೆ ಮೂಳೆ ಹುಸಿಯಾಗಲಿಲ್ಲ. ಆಟದ ಸತ್ಯ ಒಂದು, ಮೈಯ ಸತ್ಯ ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡದ್ದರಲ್ಲಿ ತಪ್ಪಿದೆ.

ಮೂಡಲಗಿ ತಾಲೂಕಿನ ಜನಕ್ಕೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಯೂ ಇಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ಬಯಲಾಟದ ಮೈ ಕೊಟ್ಟ ಕುಲಗೋಡ ತಮ್ಮಣ್ಣನ ಊರು ಇಲ್ಲಿಯದು. ಪಾರಿಜಾತದಿಂದ ಹೆಸರಾದ ಕೌಜಲಗಿ ನಿಂಗಮ್ಮ ಈ ನೆಲದವಳು. ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆ ಮುನಿಸಿಕೊಂಡಾಗ ಬೆಳತನಕ ಕೂತ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಭಾಮೆಯ ಪಾತ್ರಧಾರಿ ಯಾರ ಮನೆಯವರೆಂದು ಅವರಿಗೆ ಗೊತ್ತು. ಮೋಸ ಹೋದೆವೆಂದು ಯಾರೂ ದೂರುವುದಿಲ್ಲ. ಅಲ್ಲಿ ದುಃಖ ನಂಬಿಸಲು ಪಾತ್ರಧಾರಿಗೆ ಯಾರೂ ಬಾಸುಂಡೆ ಬರಿಸಬೇಕಾಗಿಲ್ಲ. ಕುಸ್ತಿಗೆ ಮಾತ್ರ ಆ ಸವಲತ್ತನ್ನು ಯಾಕೆ ಕೊಡಲಿಲ್ಲವೋ!

ದಾರಾ ಸಿಂಗ್ ಈ ಇಬ್ಬಗೆಗೆ ಒಳ್ಳೆಯ ಉದಾಹರಣೆ. ಕಿಂಗ್‌ಕಾಂಗ್ ಎಂಬ ಭಾರೀ ಆಳಿನೊಂದಿಗೆ ಆತ ಹಿಡಿದ ‘ಫ್ರೀ ಸ್ಟೈಲ್’ ಕುಸ್ತಿಗಳಲ್ಲಿ ಎಷ್ಟು ಆಟ, ಎಷ್ಟು ನಿಜ ಎಂಬ ವಾದ ಆಗಲೂ ಇತ್ತು. ಅದೇ ದಾರಾ ಸಿಂಗ್ 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದ. ಗರಡಿಯ ಗೋಡೆಯಲ್ಲಿದ್ದ ದೇವರೇ ಟಿವಿಯೊಳಗೆ ಬಂದ ಹಾಗೆ ಜನ ಕೈಮುಗಿದರು. ನಟನೆಯೆಂದು ಗೊತ್ತಿದ್ದೇ ಮುಗಿದ ಕೈ ಅದು.

ಇನ್ನು ಟಿವಿಯಲ್ಲಿ ಕಂಡ ಮಲ್ಲನ ಸ್ವಂತ ಪಟ್ಟು ಕೂಡ ಅಮೆರಿಕದ ಕಂಪನಿ ಹುಟ್ಟಿಸಿದ ಯೋಚನೆಯೇನೂ ಅಲ್ಲ. ಘಟಪ್ರಭೆ ಹರಿದುಹೋಗುವ ಮುಧೋಳದಲ್ಲಿ ಹುಟ್ಟಿದ ರನ್ನ ಹತ್ತನೆಯ ಶತಮಾನದ ಕವಿ. ಅವನ ಗದಾಯುದ್ಧದ ಭೀಮನದು ಕೂಡ ಮೊದಲೇ ಸಾರಿದ ಹೊಡೆತ. ತೊಡೆ ಮುರಿಯುತ್ತೇನೆಂದು ಸಭೆಯಲ್ಲಿ ಹೇಳಿದ್ದಾನೆ, ವರ್ಷಗಳ ಕಾಲ ಎಲ್ಲರೂ ಆ ಒಂದು ಪೆಟ್ಟಿಗೆ ಕಾದಿದ್ದಾರೆ. ಆದರೆ ಸೊಂಟದ ಕೆಳಗೆ ಹೊಡೆಯುವುದು ಗದಾಯುದ್ಧದ ನಿಯಮಕ್ಕೆ ಹೊರತು. ಮಾತು ಉಳಿಸಿಕೊಂಡರೆ ಆಟದ ಧರ್ಮ ಕೆಡುತ್ತದೆ, ಆಟದ ಧರ್ಮ ಉಳಿಸಿದರೆ ಮಾತು ಸುಳ್ಳಾಗುತ್ತದೆ. ಮಹಾಭಾರತದ ಬಲರಾಮ ಆ ಹೊಡೆತ ಕಂಡು ಕೆರಳಿದ್ದು ಸುಮ್ಮನಲ್ಲ. ಇನ್ನೊಂದು ತುದಿಗೆ ಪಂಪನ ಆದಿಪುರಾಣದ ಬಾಹುಬಲಿ: ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಎತ್ತಿಯೂ ನೆಲಕ್ಕೆ ಅಪ್ಪಳಿಸಲಿಲ್ಲ. ಗೆದ್ದಾಗಿತ್ತು, ಒಗೆಯುವುದಷ್ಟೇ ಉಳಿದಿತ್ತು, ಅವನು ಒಗೆಯಲಿಲ್ಲ. ಈ ಸೀಮೆಯ ಜೈನ ಮನೆಗಳ ಮಕ್ಕಳಿಗೂ ಗೊತ್ತಿರುವ ಈ ಕತೆಯಲ್ಲಿ ಎದುರಾಳಿಯ ಮೈಯನ್ನು ಕಾಪಾಡಿದ್ದೇ ಗೆಲುವಿಗೆ ಸಾಕ್ಷಿ.

ಮೈಸೂರಿನ ವಜ್ರಮುಷ್ಟಿ ಕಾಳಗವನ್ನೂ ಇಲ್ಲಿ ನೆನೆಯಬೇಕು. ವಿಜಯದಶಮಿಯ ದಿನ ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಹೊಡೆದಾಡುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ರಕ್ತ ಬೇಕು ಎಂದವರೇ ಒಂದು ಹನಿ ಸಾಕು ಎಂದೂ ಗೆರೆ ಎಳೆದರು. ಜಾತ್ರೆಯ ಕುಸ್ತಿಗೆ ಆ ಗೆರೆ ಇಲ್ಲ.

ಅದರ ಬೆಲೆ ಗೊತ್ತಿರುವುದೇ. 2018ರಲ್ಲಿ ಕೊಲ್ಲಾಪುರ ಜಿಲ್ಲೆಯ ಬಾಂದಿವಡೆ ಗ್ರಾಮದ ಜಾತ್ರೆಯ ಕುಸ್ತಿಯಲ್ಲಿ ಇಪ್ಪತ್ತರ ಹರೆಯದ ಪೈಲವಾನನೊಬ್ಬ ತಲೆಕೆಳಗಾಗಿ ಬಿದ್ದು ಕುತ್ತಿಗೆ ಮುರಿದುಕೊಂಡ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಅಂದು ಬಿದ್ದ ಡಾವ ಶತ್ರುತ್ವದ್ದಲ್ಲ, ನಿತ್ಯ ತಾಲೀಮಿನಲ್ಲಿ ಕಲಿಸುವಂಥದ್ದು. ಕುತ್ತಿಗೆಗೆ ಪೆಟ್ಟಾದವನನ್ನು ತಲೆ, ಕುತ್ತಿಗೆ, ಬೆನ್ನು ಅಲುಗಾಡದಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ಗಾಬರಿಯಾದ ಜನ ಕೈಕಾಲು ಹಿಡಿದು ಎತ್ತಿ ಸಿಕ್ಕ ವಾಹನಕ್ಕೆ ಹಾಕುತ್ತಾರೆ. ಉಳಿಯಬಹುದಾದ ನರ ಆ ಎತ್ತುವಿಕೆಯಲ್ಲೇ ಹೋಗಬಹುದು. ಮೂಡಲಗಿಯ ಕಡೆಯ ಹಳ್ಳಿಯಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ತಾಸು ಕಳೆದಿರುತ್ತದೆ.

ಮೊಣಕಾಲು, ಭುಜದ ಕತೆ ಇನ್ನೂ ಮೆಲ್ಲನೆಯದು. ಎಣ್ಣೆ ಹಚ್ಚಿ ಎಲುಬು ಕೂಡಿಸುವವರ ಹತ್ತಿರ ಹೋಗುವುದು ಮೊದಲ ಹೆಜ್ಜೆ. ಜಾರಿದ ಭುಜವನ್ನು ಅವರಲ್ಲಿ ಕೆಲವರು ಚೆನ್ನಾಗಿಯೇ ಕೂಡಿಸಿಯಾರು. ಹರಿದ ಮೊಣಕಾಲ ಅಸ್ಥಿರಜ್ಜುವನ್ನು ಎಣ್ಣೆ ಹೊಲಿಯಲಾರದು. ಗೋಕಾಕದ ಕರದಂಟು ಸೊಂಟಕ್ಕೆ ಬಲ ಎಂಬ ಮಾತಿದೆ. ತಿನ್ನಲು ಅಡ್ಡಿಯಿಲ್ಲ, ಆದರೆ ಎಂಆರ್‌ಐ ಬದಲಿಗೆ ಅಲ್ಲ. ನೋವು ತಡೆದವನೇ ಗಂಡಸು ಎಂಬ ವಸ್ತಾದನ ಮಾತು, ಹನುಮಪ್ಪನಿಗೆ ಒಪ್ಪಿಸಿದ ಮೈ ಎಂಬ ಭಕ್ತಿ ಎರಡೂ ಸೇರಿ ಆಸ್ಪತ್ರೆಯ ದಾರಿಯನ್ನು ತಿಂಗಳುಗಟ್ಟಲೆ ಉದ್ದ ಮಾಡುತ್ತವೆ.

ಹಾಗಾದರೆ ಆ ಮೈ ಯಾರದು? ದೇಹವನ್ನು ಬಟ್ಟೆಗೆ ಹೋಲಿಸುವ ಗೀತೆಯ ವಿಚಾರ ಹಿಡಿದರೆ ಹರಿದದ್ದಕ್ಕೆ ಅಷ್ಟು ಮರುಗಬೇಕಿಲ್ಲ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನ ವಿಚಾರ ಹಿಡಿದರೆ ಒಡೆದ ಕಂಬವನ್ನು ಹಾಗೇ ಬಿಡುವುದು ಅಪಚಾರ. ಮಠಗಳ ಈ ಸೀಮೆ ಎರಡನೆಯದನ್ನು ನಂಬುತ್ತದೆ, ಕಣದ ಬಳಿ ಮಾತ್ರ ಮೊದಲನೆಯದರಂತೆ ನಡೆದುಕೊಳ್ಳುತ್ತದೆ. ಗುಡಿಯ ಗೋಪುರಕ್ಕೆ ಬಿರುಕು ಬಿಟ್ಟರೆ ಪಟ್ಟಿ ಎತ್ತುವ ಊರು, ಗುಡಿಯ ಮುಂದೆ ಮೊಣಕಾಲು ಮುರಿದುಕೊಂಡವನಿಗೆ ‘ದೇವರಿದ್ದಾನೆ’ ಎನ್ನುತ್ತದೆ.

ಇಲ್ಲಿ ಅಮೆರಿಕದ ಇನ್ನೊಂದು ಸಂಗತಿ ಕುತೂಹಲದ್ದು. 1989ರಲ್ಲಿ ಅದೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಡಬ್ಲ್ಯುಡಬ್ಲ್ಯುಎಫ್ ಕಂಪನಿ ತನ್ನ ಕುಸ್ತಿ ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡಾ ಆಯೋಗದ ಉಸ್ತುವಾರಿಯಿಂದಲೂ ತೆರಿಗೆಯಿಂದಲೂ ತಪ್ಪಿಸಿಕೊಳ್ಳುವುದು ಉದ್ದೇಶ. ಖೊಟ್ಟಿ ಎಂಬ ಸತ್ಯ ಹೇಳಿದ್ದರಿಂದ ಮಲ್ಲರ ಮೇಲಿನ ಸರ್ಕಾರದ ಕಣ್ಣು ಸಡಿಲವಾಯಿತು. ಮಲ್ಲರನ್ನು ಕಂಪನಿ ನೌಕರರೆಂದಲ್ಲ, ಗುತ್ತಿಗೆಯವರೆಂದು ಲೆಕ್ಕ ಹಾಕುತ್ತದೆ. ಕಣದಲ್ಲಾದ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿದರೂ ಆರೋಗ್ಯ ವಿಮೆ ಅವರವರ ಪಾಡು. ನಮ್ಮ ಜಾತ್ರೆಯ ಪೈಲವಾನನೂ ಒಂದು ಕುಸ್ತಿಯ ಇನಾಮಿಗೆ ಬಂದವನು. ಖರೆ ಕುಸ್ತಿಯವನೂ ಖೊಟ್ಟಿ ಕುಸ್ತಿಯವನೂ ಇಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಒಂಬತ್ತು ನೂರು ವರ್ಷಗಳ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟ. ಮಲ್ಲರ ವಯಸ್ಸು, ಮೈಕಟ್ಟು, ಅಭ್ಯಾಸ, ಊಟ ಎಲ್ಲವೂ ಅದರಲ್ಲಿದೆ. ಅವರನ್ನು ಪೋಷಿಸುವುದು ದೊರೆಯ ಹೊಣೆ. ವಿನೋದ ಎಂದೇ ಹೆಸರಿಟ್ಟ, ಹೊಣೆಯನ್ನು ಮಾತ್ರ ವಿನೋದ ಮಾಡಲಿಲ್ಲ. ಇಂದು ರಾಜ್ಯ ಸರ್ಕಾರ ಮಾಜಿ ಪೈಲವಾನರಿಗೆ ಮಾಸಾಶನ ಕೊಡುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಮಾಸಾಶನ ಕುಸ್ತಿ ಮುಗಿದವರಿಗೆ. ಕಣದ ಪಕ್ಕದ ಮೊದಲ ಹತ್ತು ನಿಮಿಷಕ್ಕೆ ಯಾವ ಯೋಜನೆಯೂ ಬರುವುದಿಲ್ಲ.

ಅದನ್ನು ಊರೇ ಮಾಡಬೇಕು, ಮಾಡಿ ಅಭ್ಯಾಸವೂ ಇದೆ. ಹುಕ್ಕೇರಿಯವರು 1969ರಲ್ಲೇ ಕರೆಂಟಿಗಾಗಿ ಸಹಕಾರಿ ಸಂಘ ಕಟ್ಟಿಕೊಂಡವರು. ಘಟಪ್ರಭಾದಲ್ಲಿ ಸಹಕಾರಿ ಆಸ್ಪತ್ರೆಯೇ ಇದೆ. ಜಾತ್ರೆಯ ಇನಾಮಿಗೆ ಎತ್ತುವ ಪಟ್ಟಿಯಲ್ಲಿ ನೂರಕ್ಕೆ ಹತ್ತು ರೂಪಾಯಿ ಗಾಯದ ನಿಧಿಗೆ ತೆಗೆದಿಟ್ಟರೆ ಕುಸ್ತಿಯ ಕಳೆಯೇನೂ ಕುಂದದು. ಬರುವ ಜಾತ್ರೆಯ ಕಮಿಟಿಯವರಲ್ಲಿ ಇಷ್ಟೇ ವಿನಂತಿ: ಕುಸ್ತಿಯ ಕರಪತ್ರದಲ್ಲಿ ಜೋಡಿಗಳ ಹೆಸರು, ಇನಾಮಿನ ಮೊತ್ತ, ಬೆಳ್ಳಿ ಗದೆ ಕೊಡುವವರ ಫೋಟೊ ಎಲ್ಲ ಇರಲಿ, ಅದರ ಕೆಳಗೆ ಕಣದ ಬಳಿ ಅಂದು ಯಾವ ಡಾಕ್ಟರು ಕೂತಿರುತ್ತಾರೆ, ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ ಎಂಬ ಒಂದು ಸಾಲೂ ಅಚ್ಚಾಗಲಿ.